ಪ್ರಸಂಗ ಆರಿಸಿದ್ದು ಯಾರು?

ನಾವು ಪ್ರತಿವರ್ಷ ತುಂಬಿಸುತ್ತಿದ್ದ ಅರ್ಜಿಯಲ್ಲಿ ನಾಲ್ಕನೇ ಕಾಲಂ ಅಂತ ಒಂದಿತ್ತು. ಮೊದಲ ಮೂರು ಸುಲಭ. ಸಂಸ್ಥೆಯ ಹೆಸರು, ಕೆಲಸ ನಡೆಯುವ ಊರು, ಬೇಕಾದ ಮೊತ್ತ. ನಾಲ್ಕನೆಯದು ಮಾತ್ರ ಬೆವರು ಇಳಿಸುತ್ತಿತ್ತು. ನಿಮ್ಮ ಕೆಲಸ ನಮ್ಮ ಯಾವ ಆದ್ಯತೆಗೆ ಸೇರುತ್ತದೆ ಅಂತ ಅಲ್ಲಿ ಕೇಳಿದ್ದರು. 2004ರಲ್ಲಿ ನಾನು 'ಮಹಿಳಾ ಸಬಲೀಕರಣ' ಎಂದು ಬರೆದೆ. ಕೆಲವು ವರ್ಷ ಕಳೆದ ಮೇಲೆ ಅದು 'ಸುಸ್ಥಿರ ಜೀವನೋಪಾಯ' ಆಯಿತು. ಕೊನೆಕೊನೆಗೆ 'ಹವಾಮಾನ ಬದಲಾವಣೆಯನ್ನು ಎದುರಿಸುವ ಶಕ್ತಿ'. ಕೆಲಸ ಮಾತ್ರ ಅದೇ. ಹನ್ನೊಂದು ಹೊಲಿಗೆ ಮಿಷನ್. ಅದರಲ್ಲಿ ಕಿಟಕಿ ಪಕ್ಕದ ಒಂದರ ಪೆಡಲ್ ಮೂರೂ ಆದ್ಯತೆಗಳ ಕಾಲದಲ್ಲಿ ಕಿರ್ರ್ ಅನ್ನುತ್ತಲೇ ಇತ್ತು.

ನಾನು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯವನು. ಶಾಲೆಯಲ್ಲಿ ಲೆಕ್ಕ ಕಲಿಸುತ್ತಿದ್ದೆ, ಹಾಗಾಗಿ ಊರಿಗೆಲ್ಲ 'ಲೆಕ್ಕದ ಮಾಸ್ಟ್ರು'. ನಿವೃತ್ತಿಯಾದ ತಿಂಗಳೇ ಊರಿನ ಸಣ್ಣ ಟ್ರಸ್ಟಿನವರು ಬಂದು ಖಜಾಂಚಿ ಮಾಡಿದರು. ಲೆಕ್ಕ ಗೊತ್ತಿದ್ದವನಿಗೆ ನಮ್ಮ ಕಡೆ ಬಿಡುಗಡೆ ಇಲ್ಲ. ದೇವಸ್ಥಾನ, ಭಜನಾ ಮಂದಿರ, ಹಾಲಿನ ಸೊಸೈಟಿ, ಎಲ್ಲಾದರೂ ಒಂದು ಕಡೆ ಸಿಕ್ಕಿಬೀಳಲೇಬೇಕು. ನಮ್ಮ ಟ್ರಸ್ಟಿನಲ್ಲಿ ಹೊಲಿಗೆ ಕ್ಲಾಸ್ ಇತ್ತು, ಸಂಜೆ ಮಕ್ಕಳಿಗೆ ಟ್ಯೂಷನ್ ಇತ್ತು. ಆಮೇಲೆ ಗೇರು ಗುಡ್ಡದ ಬುಡದ ಮನೆಗಳ ಕಾಯಿಲೆ ಮಕ್ಕಳನ್ನು ಹಗಲು ಹೊತ್ತು ನೋಡಿಕೊಳ್ಳುವ ಒಂದು ಕೋಣೆಯೂ ಶುರುವಾಯಿತು. ದುಡ್ಡು ಯುರೋಪಿನ ಒಂದು ಫೌಂಡೇಶನ್ನಿನದು. ಅದು ಇಲ್ಲಿಯ ಒಂದು ದೊಡ್ಡ ಸಂಸ್ಥೆಗೆ ಬಂದು, ಅಲ್ಲಿಂದ ನಮಗೆ ಬರುತ್ತಿತ್ತು. ಇವರ ಹೆಸರುಗಳನ್ನು ಹೇಳುವುದಿಲ್ಲ. ಅವರು ನಮಗೆ ಕೆಟ್ಟದ್ದು ಮಾಡಿಲ್ಲ.

2020ರ ಸೆಪ್ಟೆಂಬರಿನಲ್ಲಿ ವಿದೇಶಿ ದೇಣಿಗೆ ಕಾಯ್ದೆಗೆ ತಿದ್ದುಪಡಿ ಬಂತು. ಹೊರದೇಶದ ದುಡ್ಡು ತರಿಸುವವರೆಲ್ಲ ದೆಹಲಿಯ ಸಂಸದ್ ಮಾರ್ಗದಲ್ಲಿರುವ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಯಲ್ಲೇ ಖಾತೆ ತೆರೆಯಬೇಕು. ಆಡಳಿತದ ಖರ್ಚು ಮೊದಲು ಶೇಕಡಾ 50ರ ತನಕ ನಡೆಯುತ್ತಿತ್ತು, ಇನ್ನು 20 ದಾಟಬಾರದು. ಒಂದು ಸಂಸ್ಥೆಗೆ ಬಂದ ದುಡ್ಡನ್ನು ಇನ್ನೊಂದಕ್ಕೆ ದಾಟಿಸುವ ಹಾಗಿಲ್ಲ. ಈ ಕೊನೆಯದು ನಮ್ಮ ಕುತ್ತಿಗೆಗೇ ಬಂತು. ಆದರೂ ಒಂದು ಪ್ರಯತ್ನ ನೋಡೋಣ ಅಂತ ಕಾಗದಪತ್ರ ಹಿಡಿದುಕೊಂಡು, ಸರ್ಕಾರಿ ಅರ್ಜಿಗಳನ್ನು ಆನ್‌ಲೈನಿನಲ್ಲಿ ಹಾಕಿಕೊಡುವ ಅಕ್ಷಯ ಕೇಂದ್ರಕ್ಕೆ ಹೋದೆ. ಕಂಪ್ಯೂಟರಿನ ಮುಂದೆ ಕೂತಿದ್ದವಳು ನನ್ನ ಹಳೇ ವಿದ್ಯಾರ್ಥಿನಿ.

"ಮಾಸ್ಟ್ರೇ, ನಮ್ಮ ಹೊಲಿಗೆ ಕ್ಲಾಸಿಗೂ ದೆಹಲಿಗೂ ಎಂತ ಸಂಬಂಧ?"

"ಕಾನೂನು ಮಾರಾಯ್ತಿ, ಹಾಗುಂಟು" ಅಂದೆ. ಅದು ಉತ್ತರ ಅಲ್ಲ ಅಂತ ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಸರಿಯಾದ ಉತ್ತರ ಹುಡುಕಲು ಕೂತದ್ದು 2022ರ ಮಳೆಗಾಲದಲ್ಲಿ. ನಮ್ಮ ಗ್ರಂಥಾಲಯದಲ್ಲಿ ತಿಂಗಳಿಗೊಂದು ಉಪನ್ಯಾಸ ಇರುತ್ತದೆ. ಕಾರ್ಯದರ್ಶಿ ಫೋನ್ ಮಾಡಿ, "ವಿದೇಶಿ ದುಡ್ಡು, ವಿದೇಶಾಂಗ ನೀತಿ ಅಂತ ವಾಟ್ಸಾಪಿನಲ್ಲಿ ಬರುವುದನ್ನು ಓದಿ ಓದಿ ತಲೆ ಕೆಟ್ಟಿದೆ ಮಾಸ್ಟ್ರೇ. ಹದಿನಾರು ವರ್ಷ ಆ ದುಡ್ಡಿನ ಲೆಕ್ಕ ಬರೆದವರು ನೀವು. ಒಂದು ಗಂಟೆ ಮಾತಾಡಿ" ಅಂದರು. ಒಪ್ಪಿಕೊಂಡೆ. ಒಪ್ಪಿಕೊಂಡ ಮೇಲೆ ಗೊತ್ತಾಯಿತು, ನನಗೆ ವೋಚರ್ ಬಿಟ್ಟು ಏನೂ ಗೊತ್ತಿಲ್ಲ ಅಂತ.

ಒಂದು ಇನ್ನೂರು ಪುಟದ ಪುಸ್ತಕ ತಂದೆ. ಜಮಾ-ಖರ್ಚಿನ ಹಾಗೆ ಎಡ ಪುಟ, ಬಲ ಪುಟ ಮಾಡಿದೆ. ದೊಡ್ಡ ಫೌಂಡೇಶನ್ನುಗಳಲ್ಲೂ ಸರ್ಕಾರದಲ್ಲೂ ಕೂತವರ ಲೆಕ್ಕ ಅದು. ಎಡಗಡೆ 'ಮೊದಲು ಎಲ್ಲಿದ್ದರು', ಬಲಗಡೆ 'ಆಮೇಲೆ ಎಲ್ಲಿಗೆ ಹೋದರು'. ಅಮೆರಿಕದಿಂದ ಶುರು ಮಾಡಿದೆ, ಯಾಕೆಂದರೆ ಸಾಹುಕಾರರ ಫೌಂಡೇಶನ್ ದುಡ್ಡು ವಿದೇಶಾಂಗ ನೀತಿಯ ಜೊತೆ ಸೇರುವ ಈ ವಿದ್ಯೆಯಲ್ಲಿ ಅವರೇ ಹಳಬರು. ಜಾನ್ ಫಾಸ್ಟರ್ ಡಲ್ಲೆಸ್ ರಾಕ್‌ಫೆಲ್ಲರ್ ಫೌಂಡೇಶನ್ನಿನ ಟ್ರಸ್ಟಿಗಳ ಅಧ್ಯಕ್ಷರಾಗಿದ್ದರು, 1953ರಲ್ಲಿ ವಿದೇಶಾಂಗ ಸಚಿವರಾದರು. ಡೀನ್ ರಸ್ಕ್ 1952ರಿಂದ ಅದೇ ಫೌಂಡೇಶನ್ ನಡೆಸಿದರು, 1961ರಲ್ಲಿ ಕೆನಡಿಯ ವಿದೇಶಾಂಗ ಸಚಿವ. ಸೈರಸ್ ವಾನ್ಸ್ ಕೂಡ ಅದೇ ಮಂಡಳಿಯ ಅಧ್ಯಕ್ಷಗಿರಿಯಿಂದ 1977ರಲ್ಲಿ ಅದೇ ಸಚಿವಗಿರಿಗೆ. ಉಲ್ಟಾ ದಾರಿಯೂ ಉಂಟು. ಯುದ್ಧದಲ್ಲಿ ಹಾಳಾದ ಯುರೋಪಿಗೆ ಅಮೆರಿಕ ಕೊಟ್ಟ ಮಾರ್ಷಲ್ ಯೋಜನೆಯ ದುಡ್ಡು ಹಂಚಿದ ಪಾಲ್ ಹಾಫ್‌ಮನ್ ಆ ಕೆಲಸ ಬಿಟ್ಟು ಫೋರ್ಡ್ ಫೌಂಡೇಶನ್ನಿನ ಅಧ್ಯಕ್ಷರಾದರು. ಯುದ್ಧ ಮುಗಿದ ಮೇಲೆ ಜರ್ಮನಿಯಲ್ಲಿ ಅಮೆರಿಕದ ಹೈಕಮಿಷನರ್ ಆಗಿದ್ದ ಜಾನ್ ಮೆಕ್ಲಾಯ್ ಆಮೇಲೆ ಫೋರ್ಡ್ ಮಂಡಳಿಯ ಅಧ್ಯಕ್ಷ. ವಿಯೆಟ್ನಾಂ ಯುದ್ಧದ ದಿನಗಳಲ್ಲಿ ಅಧ್ಯಕ್ಷರ ರಾಷ್ಟ್ರೀಯ ಭದ್ರತಾ ಸಲಹೆಗಾರರಾಗಿದ್ದ ಮೆಕ್‌ಜಾರ್ಜ್ ಬಂಡಿ 1966ರಲ್ಲಿ ಶ್ವೇತಭವನದಿಂದ ಎದ್ದು ನೇರ ಫೋರ್ಡ್ ಫೌಂಡೇಶನ್ನಿನ ಕುರ್ಚಿಗೆ.

ಹೀಗೆ ಆರು ಪುಟ ತುಂಬಿತು. ಬರೆದು ಮುಗಿಸಿದಾಗ ನನಗೆ ಒಂಥರ ಅಮಲು ಬಂದಿತ್ತು. ಎಲ್ಲ ಗೊತ್ತಾಗಿಹೋಯಿತು ಅನ್ನುವ ಅಮಲು. ವಾಟ್ಸಾಪಿನ ಉದ್ದುದ್ದ ಫಾರ್ವರ್ಡುಗಳು ಹುಟ್ಟುವುದು ಈ ಅಮಲಿನಲ್ಲೇ ಅಂತ ಈಗ ಅನಿಸುತ್ತದೆ. ಆದರೆ ಲೆಕ್ಕದವನಿಗೆ ಉತ್ತರ ಸಿಕ್ಕ ಮೇಲೆ ತಾಳೆ ನೋಡದಿದ್ದರೆ ನಿದ್ದೆ ಬರುವುದಿಲ್ಲ. ಇದೇ ಜನ ದೊಡ್ಡ ವಕೀಲರ ಕಂಪೆನಿಗಳಲ್ಲೂ ಇದ್ದರು, ಬ್ಯಾಂಕುಗಳಲ್ಲೂ ಇದ್ದರು, ವಿಶ್ವವಿದ್ಯಾಲಯಗಳಲ್ಲೂ ಇದ್ದರು. ಒಂದೇ ಊರಿನ ನಾಲ್ಕು ಮನೆಯವರು ದೇವಸ್ಥಾನದ ಸಮಿತಿಯಲ್ಲೂ ಬ್ಯಾಂಕಿನ ಆಡಳಿತ ಮಂಡಳಿಯಲ್ಲೂ ಇರುವುದಿಲ್ಲವಾ, ಹಾಗೆ. ಅದರಿಂದ ದೇವಸ್ಥಾನವೇ ಬ್ಯಾಂಕನ್ನು ನಡೆಸುತ್ತದೆ ಅಂತ ಹೇಳಲಿಕ್ಕಾಗುವುದಿಲ್ಲ. ನನ್ನ ಆರು ಪುಟದಿಂದ ಗೊತ್ತಾದದ್ದು ಇವರೆಲ್ಲ ಒಂದೇ ಜಗಲಿಯಲ್ಲಿ ಕೂರುವವರು ಅಂತ ಮಾತ್ರ.

ಹಾಗಾಗಿ ಪುಸ್ತಕವನ್ನು ತಿರುಗಿಸಿ ಹಿಂದಿನಿಂದ ಶುರು ಮಾಡಿದೆ. ಮೊದಲು ಒಂದು ಗಟ್ಟಿ ನಿರ್ಧಾರ ತೆಗೆದುಕೊಳ್ಳುವುದು, ಆಮೇಲೆ ಅದರ ಹಿಂದಕ್ಕೆ ನಡೆಯುತ್ತಾ ಹೋಗುವುದು. ದುಡ್ಡು ಎಲ್ಲಿ ಕಾಣುತ್ತದೆ, ಯಾವ ತಾರೀಕಿಗೆ ಕಾಣುತ್ತದೆ ಅಂತ ನೋಡುವುದು. ನನಗೆ ತುಂಬ ಉಪಯೋಗಕ್ಕೆ ಬಂದದ್ದು ಈ ತಾರೀಕು ನೋಡುವ ಅಭ್ಯಾಸವೇ.

1991ರದ್ದನ್ನೇ ನೋಡಿ. ಸೋವಿಯತ್ ಒಕ್ಕೂಟ ಕುಸಿಯುತ್ತಿತ್ತು. ಅಲ್ಲಿಯ ಸಾವಿರಾರು ಅಣುಬಾಂಬುಗಳ ಗತಿ ಏನು ಅಂತ ಅಮೆರಿಕದ ಸಂಸತ್ತಿಗೆ ತೋಚಲಿಲ್ಲ. ನಿನ್ನೆಯ ಶತ್ರುವಿಗೆ ದುಡ್ಡು ಕೊಡಿ ಅಂತ ಹೇಳಲು ಯಾವ ರಾಜಕಾರಣಿಗೂ ಧೈರ್ಯ ಇರಲಿಲ್ಲ. ಆಗ ಹಾರ್ವರ್ಡಿನಲ್ಲಿ ಇದರ ಮೇಲೆ ಒಂದು ಅಧ್ಯಯನ ತಯಾರಾಗಿ ಕೂತಿತ್ತು, ಕಾರ್ನೆಗಿ ಕಾರ್ಪೊರೇಶನ್ ಎಂಬ ಇನ್ನೊಂದು ಫೌಂಡೇಶನ್ನಿನ ದುಡ್ಡಿನಲ್ಲಿ. ಅದನ್ನು ಬರೆದವರಲ್ಲಿ ಆಶ್ಟನ್ ಕಾರ್ಟರ್ ಒಬ್ಬರು, ಮುಂದೆ ರಕ್ಷಣಾ ಸಚಿವರಾದವರು. ಸ್ಯಾಮ್ ನನ್, ರಿಚರ್ಡ್ ಲುಗರ್ ಎಂಬ ಇಬ್ಬರು ಸೆನೆಟರುಗಳು, ಒಬ್ಬರು ಆ ಪಕ್ಷ, ಇನ್ನೊಬ್ಬರು ಈ ಪಕ್ಷ, ಅದನ್ನು ಕೈಗೆತ್ತಿಕೊಂಡರು. ಆ ವರ್ಷ ಮುಗಿಯುವ ಮೊದಲೇ ಕಾನೂನಾಯಿತು. ರಕ್ಷಣಾ ಬಜೆಟ್ಟಿನಿಂದ 40 ಕೋಟಿ ಡಾಲರ್ ತನಕ ತೆಗೆಯಬಹುದು ಅಂತಾಯಿತು. ಉಕ್ರೇನ್, ಕಜಕಸ್ತಾನ, ಬೆಲಾರೂಸ್ ಮೂರೂ ಮುಂದೆ ಅಣ್ವಸ್ತ್ರ ಇಲ್ಲದ ದೇಶಗಳಾದವು.

ಇನ್ನೊಂದು ಇದಕ್ಕಿಂತ ಸಣ್ಣದು, ನನಗೆ ಜಾಸ್ತಿ ಇಷ್ಟವಾದದ್ದು. ಬೆಲ್‌ಗ್ರೇಡ್ ಹತ್ತಿರ ವಿಂಚಾ ಎಂಬಲ್ಲಿ ಒಂದು ಹಳೇ ಸಂಶೋಧನಾ ರಿಯಾಕ್ಟರ್. ಅಲ್ಲಿ ಬಾಂಬಿಗೆ ಆಗುವಂಥ ಯುರೇನಿಯಂ 48 ಕಿಲೋ ಇತ್ತು. 2002ರಲ್ಲಿ ಅದನ್ನು ರಷ್ಯಾಕ್ಕೆ ಸಾಗಿಸಲು ಎಲ್ಲರೂ ಒಪ್ಪಿದರು. ಆದರೆ ಬೆಲ್‌ಗ್ರೇಡಿನವರು ಒಂದು ಷರತ್ತು ಹಾಕಿದರು. ಹಳೇ ಇಂಧನದ ಕಸವನ್ನೂ ಶುಚಿ ಮಾಡಿಕೊಡಬೇಕು. ಆ ಬಾಬ್ತಿಗೆ ಖರ್ಚು ಮಾಡಲು ಅಮೆರಿಕದ ಸರ್ಕಾರಕ್ಕೆ ಕಾನೂನಿನಲ್ಲಿ ಅವಕಾಶ ಇರಲಿಲ್ಲ. ಆಗ ಅಮೆರಿಕದ ಟಿವಿ ಉದ್ಯಮಿ ಟೆಡ್ ಟರ್ನರ್ ಮತ್ತು ಅದೇ ಸ್ಯಾಮ್ ನನ್ ಕಟ್ಟಿದ ಖಾಸಗಿ ಸಂಸ್ಥೆ 50 ಲಕ್ಷ ಡಾಲರ್ ಕೊಟ್ಟಿತು. ಆಗಸ್ಟ್ ತಿಂಗಳ ಒಂದು ದಿನ ಬೆಳಗಾಗುವ ಮೊದಲು ಲಾರಿಗಳು ಹೊರಟವು. ಇದನ್ನು ಓದುವಾಗ ನನಗೆ ನಮ್ಮ ಟ್ರಸ್ಟಿನ ಕಾರ್ಯದರ್ಶಿ ನೆನಪಾದರು. ಗ್ರಾಂಟಿನಲ್ಲಿ ಮಿಷನ್ ತರಲಿಕ್ಕೆ ದುಡ್ಡಿತ್ತು, ಲಾರಿ ಬಾಡಿಗೆಗೆ ಇರಲಿಲ್ಲ. ಅವರು ಕಿಸೆಯಿಂದ ತೆಗೆದು ಕೊಟ್ಟಿದ್ದರು.

ಇಷ್ಟೆಲ್ಲ ಸೇರಿಸಿ ಒಂದು ಭಾಷಣ ಬರೆದೆ. ಒಂದು ರಾತ್ರಿ ಊಟ ಆದ ಮೇಲೆ ಮನೆಯವಳ ಮುಂದೆ ಓದಿದೆ. ಅವಳು ಹಲಸಿನ ಬೀಜದ ಸಿಪ್ಪೆ ತೆಗೆಯುತ್ತಾ ಕೂತಿದ್ದಳು. ಅರ್ಧ ಗಂಟೆ ಆದ ಮೇಲೆ ತಲೆ ಎತ್ತಿದಳು.

"ಇಷ್ಟು ಇಂಗ್ಲಿಷ್ ಹೆಸರು ಹೇಳಿದ್ರೆ ಯಾರು ಕೂರ್ತಾರೆ? ದುಡ್ಡು ಕೊಟ್ಟವರು ಏನು ಕೇಳಿದ್ರು, ಅದು ಹೇಳಿ."

"ಅವರು ಏನೂ ಕೇಳಲಿಲ್ಲ. ಅದೇ ಸಮಸ್ಯೆ."

"ಹರಕೆ ಆಟದ ಹಾಗೆ ಅಲ್ವಾ ಮತ್ತೆ" ಅಂದಳು. "ಆಟ ಆಡಿಸುವವರು ಮಾತು ಹೇಳಿಕೊಡ್ತಾರಾ? ಪ್ರಸಂಗ ಯಾವುದು ಅಂತ ಹೇಳ್ತಾರೆ ಅಷ್ಟೆ."

ಪೆನ್ನು ಕೆಳಗಿಟ್ಟೆ. ಯಕ್ಷಗಾನ ನೋಡಿಕೊಂಡೇ ಬೆಳೆದವನು ನಾನು, ಈ ಹೋಲಿಕೆ ನನಗೆ ಹೊಳೆಯಲಿಲ್ಲ. ವೇದಿಕೆಯಲ್ಲಿ ವೇಷಧಾರಿ ಆಡುವ ಮಾತು ಅವನದ್ದೇ. ಯಾರೂ ಬರೆದುಕೊಟ್ಟದ್ದಲ್ಲ. ಕೌರವನಿಗೆ ನ್ಯಾಯ ಕೊಡಿಸುತ್ತಾನೋ ಭೀಮನಿಗೋ ಅವನಿಷ್ಟ. ಆದರೆ ಇವತ್ತು ಗದಾಯುದ್ಧವೋ ಶ್ರೀದೇವಿ ಮಹಾತ್ಮೆಯೋ ಅನ್ನುವುದು ಹರಕೆ ಹೊತ್ತವರ ಮನೆಯಲ್ಲಿ ಮೊದಲೇ ತೀರ್ಮಾನ ಆಗಿರುತ್ತದೆ. ನಾಲ್ಕನೇ ಕಾಲಂ ಅಂದರೆ ಅದೇ ಅಲ್ವಾ! ಪತ್ರೊಡೆ ತಿಂದು, ಮಕ್ಕಳ ತಲೆ ಸವರಿ, ಮಿಷನ್ನುಗಳ ಫೋಟೋ ತೆಗೆದುಕೊಂಡು ಹೋದ ಆ ಯುರೋಪಿನ ಹೆಂಗಸು ಒಂದು ದಿನವೂ ನಮಗೆ ಹೀಗೆ ಮಾಡಿ ಅಂತ ಹೇಳಿದವರಲ್ಲ. ಅವರ ಪಟ್ಟಿಯಲ್ಲಿ ಯಾವ ಶಬ್ದ ಬಂದಿದೆ ಅಂತ ನೋಡಿಕೊಂಡು ನಾವೇ ಕಲಿಯುತ್ತಿದ್ದೆವು.

ಭಾಷಣ ಪೂರ್ತಿ ತಿದ್ದಿದೆ. ಹೆಸರುಗಳು ಆರು ಪುಟದಿಂದ ಅರ್ಧ ಪುಟಕ್ಕೆ ಇಳಿದವು.

ಉಪನ್ಯಾಸದ ದಿನ ಮಳೆ ಜೋರು. ಕರೆಂಟೂ ಇಲ್ಲ, ಮೈಕೂ ಇಲ್ಲ. ಮೂವತ್ತೈದು ಜನ ಇದ್ದಿರಬಹುದು. ಮೊದಲು ಜಾಗದ ಕಥೆ ಹೇಳಿದೆ. ವಿಶ್ವಸಂಸ್ಥೆ ಎಲ್ಲಿ ಕೂರಬೇಕು ಅಂತ ಇನ್ನೂ ತೀರ್ಮಾನ ಆಗದೆ ಒದ್ದಾಡುತ್ತಿದ್ದಾಗ, 1946ರ ಡಿಸೆಂಬರಿನಲ್ಲಿ, ನ್ಯೂಯಾರ್ಕಿನ ನದಿ ಬದಿಯ ಜಾಗಕ್ಕೆ 85 ಲಕ್ಷ ಡಾಲರ್ ಕೊಟ್ಟದ್ದು ಜಾನ್ ಡಿ. ರಾಕ್‌ಫೆಲ್ಲರ್ ಜೂನಿಯರ್. ಅದಕ್ಕೂ ಮೊದಲು, ವಿಶ್ವಸಂಸ್ಥೆಗಿಂತ ಹಿಂದೆ ಇದ್ದ ಜಿನೀವಾದ ರಾಷ್ಟ್ರಸಂಘಕ್ಕೆ ಲೈಬ್ರರಿ ಕಟ್ಟಲು 20 ಲಕ್ಷ ಕೊಟ್ಟದ್ದೂ ಅವರೇ. ದೇವಸ್ಥಾನಕ್ಕೆ ಜಾಗ ಬರೆದುಕೊಟ್ಟ ಮನೆಯವರು ಪೂಜೆಯ ಮಂತ್ರ ಬದಲಿಸುವುದಿಲ್ಲ. ಆದರೆ ಬ್ರಹ್ಮಕಲಶದ ದಿನ ಅವರಿಗೆ ಹಿಂದಿನ ಸಾಲಿನಲ್ಲಿ ಕೂರಿ ಅಂತ ಯಾರೂ ಹೇಳುವುದೂ ಇಲ್ಲ. ಇದು ಎಲ್ಲರಿಗೂ ಅರ್ಥವಾಯಿತು. ಒಬ್ಬಿಬ್ಬರು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. ಯಾವ ಮನೆ ಅಂತ ನಾನು ಕೇಳಲಿಲ್ಲ.

ಆಮೇಲೆ ನಮ್ಮ ದೇಶಕ್ಕೆ ಬಂದೆ. 1951ರಲ್ಲಿ ಹಾಫ್‌ಮನ್ ದೆಹಲಿಗೆ ಬಂದು ನೆಹರೂ ಅವರನ್ನು ಕಂಡರು. ಮರುವರ್ಷ ಫೋರ್ಡ್ ಫೌಂಡೇಶನ್ ಅಮೆರಿಕದ ಹೊರಗೆ ತನ್ನ ಮೊದಲ ಕಚೇರಿ ತೆರೆದದ್ದು ದೆಹಲಿಯಲ್ಲೇ. 1949ರಲ್ಲಿ ಚೀನಾ ಕಮ್ಯುನಿಸ್ಟರ ಕೈಗೆ ಹೋಗಿತ್ತು. ಹಳ್ಳಿಯ ಹೊಟ್ಟೆ ತುಂಬದಿದ್ದರೆ ಭಾರತವೂ ಅದೇ ದಾರಿ ಹಿಡಿದೀತು ಅನ್ನುವ ಹೆದರಿಕೆ ಅಮೆರಿಕದವರಿಗೆ. ಹೀಗಾಗಿ ಗ್ರಾಮಸೇವಕರ ತರಬೇತಿಗೆ ದುಡ್ಡು ಬಂತು, 1952ರ ಅಕ್ಟೋಬರ್ 2ರಂದು ಶುರುವಾದ ಸಮುದಾಯ ಅಭಿವೃದ್ಧಿ ಯೋಜನೆಗೆ ದುಡ್ಡು ಬಂತು. 1960ರಿಂದ ಕೆಲವೇ ಜಿಲ್ಲೆಗಳನ್ನು ಆರಿಸಿ ಬೀಜ, ಗೊಬ್ಬರ, ಸಾಲ ಎಲ್ಲ ಒಟ್ಟಿಗೆ ಕೊಡುವ 'ಪ್ಯಾಕೇಜ್' ಯೋಜನೆಗೂ ಬಂತು. ಮಂಡ್ಯ, ಪಾಲಕ್ಕಾಡ್ ಎರಡೂ ಆ ಪಟ್ಟಿಯಲ್ಲಿದ್ದವು. ಅದೇ ವರ್ಷ ಫೋರ್ಡ್ ಮತ್ತು ರಾಕ್‌ಫೆಲ್ಲರ್ ಸೇರಿ ಫಿಲಿಪ್ಪೀನ್ಸಿನಲ್ಲಿ ಭತ್ತದ ಸಂಶೋಧನಾ ಸಂಸ್ಥೆ ಕಟ್ಟಿದವು. ನಮ್ಮ ಗದ್ದೆಗಳಿಗೆ ಬಂದ ಐಆರ್-8 ಭತ್ತದ ತಳಿ ಅಲ್ಲಿಂದ ಬಂದದ್ದು. ಎದುರಿಗೆ ಕೂತಿದ್ದ ಮುದುಕರೊಬ್ಬರು ತಕ್ಷಣ, "ಐಆರ್ ಎಂಟಾ? ಗೊಬ್ಬರ ಹಾಕದಿದ್ರೆ ಏಳುವುದೇ ಇಲ್ಲ, ಅನ್ನಕ್ಕೆ ರುಚಿಯೂ ಇಲ್ಲ" ಅಂದರು. ವಿದೇಶಾಂಗ ನೀತಿಯ ಬಗ್ಗೆ ಆ ದಿನ ಬಂದ ಮೊದಲ ಅಭಿಪ್ರಾಯ ಅದು.

ಇಲ್ಲಿ ನನ್ನದೊಂದು ಮಾತು ಸೇರಿಸಿದೆ. ನೆಹರೂ ಏನೂ ತಿಳಿಯದೆ ಕೈ ಚಾಚಿದವರಲ್ಲ. ಇತ್ತ ಫೋರ್ಡ್ ದುಡ್ಡು ತೆಗೆದುಕೊಂಡರು, ಅತ್ತ 1955ರಲ್ಲಿ ಭಿಲಾಯಿ ಉಕ್ಕಿನ ಕಾರ್ಖಾನೆಗೆ ರಷ್ಯಾದ ಜೊತೆ ಕೈ ಜೋಡಿಸಿದರು. ಪ್ರಸಂಗ ಬೇರೆಯವರು ಆರಿಸಿದರೂ ವೇದಿಕೆಯಲ್ಲಿ ಗಟ್ಟಿ ವೇಷಧಾರಿ ಇದ್ದರೆ ಆಟದ ದಿಕ್ಕು ಬದಲಾಗುತ್ತದೆ.

ಮಂಗನ ಕಾಯಿಲೆಯ ಕಥೆಗೆ ಎಲ್ಲರೂ ನೆಟ್ಟಗೆ ಕೂತರು. ಪುಣೆಯ ವೈರಸ್ ಸಂಶೋಧನಾ ಕೇಂದ್ರ 1952ರಲ್ಲಿ ರಾಕ್‌ಫೆಲ್ಲರ್ ಫೌಂಡೇಶನ್ ಮತ್ತು ನಮ್ಮ ವೈದ್ಯಕೀಯ ಸಂಶೋಧನಾ ಮಂಡಳಿ ಸೇರಿ ಕಟ್ಟಿದ್ದು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು, ಜನರಿಗೂ ಜ್ವರ. ಪುಣೆಯವರು ಬಂದು ವೈರಸ್ ಪತ್ತೆ ಮಾಡಿದರು. ಅದು ರಷ್ಯಾದ ಕಾಡುಗಳಲ್ಲಿ ರಕ್ತ ಹೀರುವ ಉಣ್ಣೆ ಹುಳದಿಂದ ಹರಡುವ ಮೆದುಳು ಜ್ವರದ ವೈರಸ್ಸಿನ ಬಳಗದ್ದು ಅಂತ ಗೊತ್ತಾಯಿತು. ವಲಸೆ ಹಕ್ಕಿಗಳು ತಂದಿರಬಹುದಾ ಅನ್ನುವ ಪ್ರಶ್ನೆಯೂ ಎದ್ದಿತು. ಶೀತಲ ಸಮರದ ಕಾಲ ಅದು. ಸೊರಬದ ಒಂದು ಉಣ್ಣೆಯ ಮೇಲೆ ಎರಡು ದೊಡ್ಡ ದೇಶಗಳ ಕಣ್ಣು ಬೀಳಲು ಅಷ್ಟು ಸಾಕು. ಕೆಲಸ ಒಳ್ಳೆಯದೇ. ಆ ಕೇಂದ್ರವೇ ಇವತ್ತಿನ ರಾಷ್ಟ್ರೀಯ ವೈರಾಣು ಸಂಸ್ಥೆ. ಕೋವಿಡ್ ಕಾಲದಲ್ಲಿ ನಮಗೆಲ್ಲ ಅದರ ಹೆಸರು ಬಾಯಿಪಾಠ ಆಗಿತ್ತು.

ಪ್ರಶ್ನೆಗಳ ಹೊತ್ತಿಗೆ ಮಳೆ ನಿಂತಿತ್ತು. ಪಕ್ಷದ ಕೆಲಸ ಮಾಡುವ ಒಬ್ಬ ಹುಡುಗ ಎದ್ದು ನಿಂತ.

"ಇದೆಲ್ಲ ಸಿಐಎ ದುಡ್ಡೇ ಅಲ್ವಾ ಮಾಸ್ಟ್ರೇ? ನೀವು ಯಾಕೆ ನೇರ ಹೇಳುವುದಿಲ್ಲ?"

ಕೆಲವು ಹೌದು ಅಂದೆ. 1950ರಲ್ಲಿ ಬರ್ಲಿನ್ನಿನಲ್ಲಿ ಹುಟ್ಟಿದ 'ಸಾಂಸ್ಕೃತಿಕ ಸ್ವಾತಂತ್ರ್ಯ ಕಾಂಗ್ರೆಸ್' ಎಂಬ ಬರಹಗಾರರ ಸಂಘಟನೆಗೆ ಮುಂಬಯಿಯಲ್ಲೂ ಶಾಖೆ ಇತ್ತು. ಅದಕ್ಕೆ ದುಡ್ಡು ಹೋಗುತ್ತಿದ್ದದ್ದು ಫಾರ್‌ಫೀಲ್ಡ್ ಎಂಬ ಒಂದು ಫೌಂಡೇಶನ್ನಿನಿಂದ. ಬೋರ್ಡು ಫೌಂಡೇಶನ್ನಿನದು, ಒಳಗಿನ ದುಡ್ಡು ಸಿಐಎಯದು. 1967ರಲ್ಲಿ ಗುಟ್ಟು ಪೂರ್ತಿ ಬಯಲಾಯಿತು. ಏಷ್ಯಾ ಫೌಂಡೇಶನ್ನಿನ ಕಥೆಯೂ ಅದೇ ವರ್ಷ ಹೊರಬಿತ್ತು, ಮರುವರ್ಷ ಭಾರತ ಅದನ್ನು ಹೊರಗೆ ಕಳಿಸಿತು. 1976ರಲ್ಲಿ, ತುರ್ತುಪರಿಸ್ಥಿತಿಯ ನಡುವೆ, ವಿದೇಶಿ ದೇಣಿಗೆ ಕಾಯ್ದೆ ಬಂತು. "ನಮ್ಮ ಹೊಲಿಗೆ ಕ್ಲಾಸಿಗೂ ದೆಹಲಿಗೂ ಇರುವ ಸಂಬಂಧ ಅಲ್ಲಿಂದ ಶುರು" ಅಂದೆ. ಅಕ್ಷಯದ ಹುಡುಗಿ ಮೂರನೇ ಸಾಲಿನಲ್ಲಿದ್ದಳು. ಎರಡು ವರ್ಷ ತಡವಾದರೂ ಉತ್ತರ ಸಿಕ್ಕಿತಲ್ಲ. "ಆದರೆ ಎಲ್ಲವೂ ಸಿಐಎ ಅಂದುಬಿಟ್ಟರೆ ಐಆರ್-8ರ ಕಥೆ ನಿನಗೆ ಅರ್ಥವಾಗುವುದಿಲ್ಲ ಮಗಾ. ಅದರಲ್ಲಿ ಗುಟ್ಟು ಏನೂ ಇಲ್ಲ. ಎಲ್ಲ ವಾರ್ಷಿಕ ವರದಿಯಲ್ಲಿ ಅಚ್ಚಾಗಿದೆ."

2015ರದ್ದನ್ನೂ ಹೇಳಿದೆ. ಆ ಏಪ್ರಿಲಿನಲ್ಲಿ ನಮ್ಮ ಗೃಹ ಸಚಿವಾಲಯ ಫೋರ್ಡ್ ಫೌಂಡೇಶನ್ನಿನ ಮೇಲೆ ನಿಗಾ ಇಟ್ಟು, ಅದರ ದುಡ್ಡು ಬರಬೇಕಾದರೆ ಮೊದಲು ಒಪ್ಪಿಗೆ ಬೇಕು ಅಂದಿತು. ಅಮೆರಿಕದ ವಿದೇಶಾಂಗ ಇಲಾಖೆ ವಿವರಣೆ ಕೇಳಿತು. ಖಾಸಗಿ ಫೌಂಡೇಶನ್ನಿನ ಬ್ಯಾಂಕ್ ಖಾತೆ ಎರಡು ಸರ್ಕಾರಗಳ ನಡುವಿನ ಮಾತಾಯಿತು. ಮರುವರ್ಷ ಮಾರ್ಚಿನಲ್ಲಿ ಆ ನಿರ್ಬಂಧ ತೆಗೆದರು.

ಹಿಂದಿನ ಬೆಂಚಿನಿಂದ ಬ್ಯಾರಿ ಹಿರಿಯರೊಬ್ಬರು ಕೈ ಎತ್ತಿದರು. ಇಪ್ಪತ್ತೆಂಟು ವರ್ಷ ದುಬೈಯಲ್ಲಿದ್ದವರು, ವಿದೇಶಾಂಗ ನೀತಿಯನ್ನು ವೀಸಾ ಪುಟದಲ್ಲಿ ಓದಿದವರು. "ನಮ್ಮ ದೇಶದ ದೊಡ್ಡ ಸಾಹುಕಾರರು ಇದನ್ನು ಮಾಡುವುದಿಲ್ಲವಾ ಮಾಸ್ಟ್ರೇ?" ಮಾಡುತ್ತಾರೆ ಅಂದೆ. 1990ರಲ್ಲಿ ರಿಲಯನ್ಸ್ ಬೆಂಬಲದಲ್ಲಿ ಶುರುವಾದ ಅಬ್ಸರ್ವರ್ ರಿಸರ್ಚ್ ಫೌಂಡೇಶನ್ 2016ರಿಂದ ವಿದೇಶಾಂಗ ಸಚಿವಾಲಯದ ಜೊತೆ ಸೇರಿ 'ರೈಸಿನಾ ಸಂವಾದ' ನಡೆಸುತ್ತದೆ. ಬೇರೆ ದೇಶದ ಮಂತ್ರಿಗಳು ಬಂದು ಕೂರುವ ಸಭೆ ಅದು. "ಹಾಗಾದ್ರೆ ಸರಿ" ಅಂತ ಅವರು ಕೂತರು. ಯಾವುದು ಸರಿ ಅಂತ ಹೇಳಲಿಲ್ಲ.

ಕೊನೆಯ ಪ್ರಶ್ನೆಗೆ ನಾನು ತಯಾರಾಗಿರಲಿಲ್ಲ. ಪಡ್ರೆ ಕಡೆಯ ಒಬ್ಬ ಅಡಿಕೆ ಕೃಷಿಕರು, ಎದ್ದು ನಿಲ್ಲದೆ, ಕೂತಲ್ಲಿಂದಲೇ ಕೇಳಿದರು. "ಎಂಡೋಸಲ್ಫಾನ್ ಗಲಾಟೆ ಸಮಯಕ್ಕೆ ನಮ್ಮನ್ನೂ ಯುರೋಪಿನ ದುಡ್ಡು ತಿಂದವರು ಅಂದಿದ್ರಲ್ಲ. ಅದೆಂತ ಮಾಸ್ಟ್ರೇ?"

ನಮ್ಮ ಕಡೆ ಇದನ್ನು ವಿವರಿಸುವ ಅಗತ್ಯ ಇಲ್ಲ. ಬೇರೆಯವರಿಗಾಗಿ ಹೇಳುತ್ತೇನೆ. 1970ರ ದಶಕದ ಕೊನೆಯಿಂದ 2000ದ ತನಕ ಗೇರು ಗುಡ್ಡಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ಅದನ್ನು ನಿಲ್ಲಿಸಿ ಅಂತ ಇಲ್ಲಿಯವರು 1998ರಲ್ಲೇ ಮುನ್ಸಿಫ್ ಕೋರ್ಟಿಗೆ ಹೋಗಿದ್ದರು. ಯುರೋಪಿನ ದೇಶಗಳು ಇದನ್ನು ಜಾಗತಿಕ ನಿಷೇಧದ ಪಟ್ಟಿಗೆ ಸೇರಿಸಿ ಅಂತ ಕೇಳಿದ್ದು 2007ರಲ್ಲಿ. ಜಗತ್ತಿನಲ್ಲಿ ಅತಿ ಹೆಚ್ಚು ಎಂಡೋಸಲ್ಫಾನ್ ತಯಾರಿಸುತ್ತಿದ್ದದ್ದು ಭಾರತ. ಹಾಗಾಗಿ ನಮ್ಮ ದೇಶ ಅಲ್ಲಿ ವಿರೋಧಿಸುತ್ತಲೇ ಬಂತು. 2011ರ ಏಪ್ರಿಲ್ 25ರಂದು ಜಿನೀವಾದಲ್ಲಿ ಸಭೆ ಶುರುವಾಗುವ ದಿನ ಕೇರಳದ ಮುಖ್ಯಮಂತ್ರಿ ವಿ.ಎಸ್. ಅಚ್ಯುತಾನಂದನ್ ತಿರುವನಂತಪುರದಲ್ಲಿ ಉಪವಾಸ ಕೂತರು. ಕೊನೆಗೆ, ಕೆಲವು ಬೆಳೆಗಳಿಗೆ ಸ್ವಲ್ಪ ಕಾಲ ವಿನಾಯಿತಿ ಕೊಡಬೇಕು ಅನ್ನುವ ಷರತ್ತಿನ ಮೇಲೆ ಭಾರತ ಒಪ್ಪಿತು. ಮೇ 13ಕ್ಕೆ ಸುಪ್ರೀಂ ಕೋರ್ಟ್ ದೇಶದೊಳಗೂ ತಡೆ ಹಾಕಿತು.

"ತಾರೀಕು ನೋಡಿ" ಅಂದೆ ಅವರಿಗೆ. "ನೀವು 1998ರಲ್ಲಿ ಕೋರ್ಟಿನಲ್ಲಿದ್ದಿರಿ. ಅವರು ಬಂದದ್ದು 2007ಕ್ಕೆ. ದುಡ್ಡು ತಿಂದು ಹೋರಾಡಿದ್ದು ಅಂತ ಹೇಳುವವರಿಗೆ ಕೂಡಿ ಕಳೆಯಲು ಬರುವುದಿಲ್ಲ."

ಅಲ್ಲಿಗೆ ನಿಲ್ಲಿಸಬಹುದಿತ್ತು. ಚಪ್ಪಾಳೆಯೂ ಬಿದ್ದಿತ್ತು. ಆದರೆ ಇನ್ನೊಂದು ವಿಷಯ ಹೇಳದಿದ್ದರೆ ಲೆಕ್ಕ ಕೂಡುತ್ತಿರಲಿಲ್ಲ, ಹೇಳಿದೆ.

2010ರಲ್ಲಿ ನಮಗೆ ಒಂದು ಮೇಲ್ ಬಂದಿತ್ತು. ನಿಮ್ಮ ಹಗಲು ಮನೆಯ ಮಕ್ಕಳ ಎರಡು 'ಕಥೆ' ಬೇಕು, ಫೋಟೋ ಸಮೇತ. ನಾನೇ ಕ್ಯಾಮರಾ ಹಿಡಿದುಕೊಂಡು ಹೋದೆ. ಒಬ್ಬಳು ತಾಯಿ, ಮಗುವನ್ನು ಮಡಿಲಲ್ಲಿಟ್ಟುಕೊಂಡು ಗಂಜಿ ಉಣಿಸುತ್ತಿದ್ದಳು. ಮಗುವಿಗೆ ಎಂಟು ವರ್ಷ, ನೋಡಿದರೆ ಮೂರು ಅನ್ನಬೇಕು. ಗಂಜಿ ಬಾಯಿಯಿಂದ ಹೊರಗೆ ಬಂದಾಗಲೆಲ್ಲ ಬೆರಳಿನಿಂದ ಒರೆಸಿ ಮತ್ತೆ ಒಳಗೆ ಹಾಕುತ್ತಿದ್ದಳು.

"ಫೋಟೋ ಎಲ್ಲಿಗೆ ಹೋಗ್ತದೆ ಮಾಸ್ಟ್ರೇ?"

"ದುಡ್ಡು ಕೊಡುವವರಿಗೆ ತಂಗೀ."

"ಕೊಟ್ಟಾಗಿದೆಯಲ್ಲ ಅವರು?"

ಅವಳು ಬೇಡ ಅನ್ನಲಿಲ್ಲ. ಸೆರಗಿನಿಂದ ಮಗುವಿನ ಬಾಯಿ ಒರೆಸಿ, ಕೂದಲು ಸರಿಮಾಡಿ, ನನ್ನ ಕಡೆ ತಿರುಗಿಸಿದಳು. ಮುಂದಿನ ವರ್ಷ ಅವರ ಬಣ್ಣದ ಪುಸ್ತಿಕೆ ಬಂತು. ಎರಡನೇ ಪುಟದಲ್ಲಿ ಆ ಮಗು. ಕೆಳಗೆ ಹಗಲು ಮನೆಯ ಮಾತೇ ಇಲ್ಲ, ಜಾಗತಿಕ ನಿಷೇಧಕ್ಕೆ ಬೆಂಬಲ ಕೊಡಿ ಅಂತ ಅವರ ಭಾಷೆಯಲ್ಲಿ ಇತ್ತು. ಯಾರ ಮೇಜಿನ ಮೇಲೆ ಆ ಪುಸ್ತಿಕೆ ಇತ್ತೋ, ಯಾವ ಮಂತ್ರಿ ಅದನ್ನು ನೋಡಿದನೋ! ನಿಷೇಧ ನನಗೂ ಬೇಕಾಗಿತ್ತು, ಅವಳಿಗೆ ನನಗಿಂತ ಹೆಚ್ಚು ಬೇಕಾಗಿತ್ತು. ಕೇಳಿದ್ದರೆ ಖಂಡಿತ ಹೂಂ ಅನ್ನುತ್ತಿದ್ದಳು. ಕೇಳಲಿಲ್ಲ. ಪುಸ್ತಿಕೆಯನ್ನು ಅವಳಿಗೆ ತೋರಿಸಲೂ ಇಲ್ಲ. ಅದು ಈಗಲೂ ನನ್ನ ಕಪಾಟಿನಲ್ಲಿ, 2010-11ರ ವೋಚರ್ ಕಟ್ಟಿನ ಕೆಳಗಿದೆ.

ಉಪನ್ಯಾಸಕ್ಕೆ ಬಂದವರು ಕಟ್ಟನ್ ಚಾಯ ಕುಡಿದು ಮನೆಗೆ ಹೋದರು.

ಈಗ ನಮ್ಮ ಟ್ರಸ್ಟಿಗೆ ವಿದೇಶಿ ಖಾತೆ ಇಲ್ಲ. ನೋಂದಣಿಯ ಅವಧಿ ಮುಗಿದಾಗ ನವೀಕರಿಸಲಿಲ್ಲ. ಹಗಲು ಮನೆ ನಿಂತಿತು, ಹೊಲಿಗೆ ಕ್ಲಾಸ್ ಹೇಗೋ ನಡೆಯುತ್ತಿದೆ. ಗಲ್ಫಿನಲ್ಲಿರುವವರು ಸ್ವಲ್ಪ ಸ್ವಲ್ಪ ಕಳಿಸುತ್ತಾರೆ. ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಸಂಪಾದನೆಯನ್ನು ಬ್ಯಾಂಕ್ ಮೂಲಕ ಕೊಟ್ಟರೆ ಅದು ವಿದೇಶಿ ದೇಣಿಗೆ ಅಲ್ಲ. ಸಣ್ಣ ಸಂಸ್ಥೆ ನಡೆಸುವವರು ಇದನ್ನು ನೆನಪಿಟ್ಟುಕೊಳ್ಳಿ. ಆದರೆ ಬೇರೆ ದೇಶದ ಪೌರತ್ವ ತೆಗೆದುಕೊಂಡವರ ಕಥೆ ಬೇರೆ. ನನ್ನ ಇನ್ನೊಬ್ಬ ಹಳೇ ವಿದ್ಯಾರ್ಥಿ ಕೆನಡಾದಲ್ಲಿದ್ದಾನೆ. ಹೋದ ವರ್ಷ ಐದು ಸಾವಿರ ರೂಪಾಯಿ ಕಳಿಸಲು ಹೊರಟ. ಬೇಡ ಮಗಾ, ನಿನ್ನ ಪಾಸ್‌ಪೋರ್ಟ್ ಬದಲಾಗಿದೆ, ನಿನ್ನ ದುಡ್ಡು ಈಗ ವಿದೇಶಿ ಮೂಲ ಅಂದೆ.

"ನಾನು ವಿದೇಶಿಯಾ ಮಾಸ್ಟ್ರೇ? ನೀವೇ ಕಿವಿ ಹಿಂಡಿ ಮಗ್ಗಿ ಕಲಿಸಿದ್ದು!"

ವಾರ ಕಳೆದು ಅವನ ಅಮ್ಮ ಕೊಡೆ ಹಿಡಿದುಕೊಂಡು ಮನೆಗೆ ಬಂದರು. ಸೊಂಟದಿಂದ ಒಂದು ಕವರ್ ತೆಗೆದು ಮೇಜಿನ ಮೇಲಿಟ್ಟರು. ಸರಿಯಾಗಿ ಐದು ಸಾವಿರ. "ಇದು ನನ್ನ ಅಡಿಕೆ ಮಾರಿದ ದುಡ್ಡು. ನನ್ನ ಹೆಸರಿಗೇ ಬರೀರಿ" ಅಂದರು. ಅವರ ತೋಟಕ್ಕೆ ಆ ವರ್ಷ ಎಲೆಚುಕ್ಕಿ ರೋಗ ಬಂದದ್ದು ನನಗೆ ಗೊತ್ತಿತ್ತು. ಏನೂ ಕೇಳದೆ ರಶೀದಿ ಪುಸ್ತಕ ತೆಗೆದೆ.

"ಯಾವ ಬಾಬ್ತು ಅಂತ ಬರೆಯಲಿ?"

"ಕಿಟಕಿ ಹತ್ತಿರದ ಆ ಮಿಷನ್ ಉಂಟಲ್ಲ, ಕಿರ್ರ್ ಅನ್ನುವುದು. ಮೊದಲು ಅದನ್ನು ಸರಿ ಮಾಡಿಸಿ."